ಜಕ್ಕೂರಿನ ರನ್‌ವೇ, ಪದಾತಿದಳದ ಬಾಗಿಲು

ಹೆಬ್ಬಾಳದ ಫ್ಲೈಓವರ್ ಇಳಿದು ಯಲಹಂಕದ ಕಡೆ ಹೊರಟರೆ ಬಲಕ್ಕೆ ಜಕ್ಕೂರು ಏರೋಡ್ರೋಮ್. 1948ರಲ್ಲಿ ಅಲ್ಲಿ ಸರ್ಕಾರಿ ವಿಮಾನ ಹಾರಾಟ ಶಾಲೆ ಶುರುವಾಯಿತು. ಮರುವರ್ಷವೇ ಅಲ್ಲಿ ಕಲಿತು ಪೈಲಟ್ ಆದವರು ಉಷಾ ಸುಂದರಂ. 1951ರಲ್ಲಿ ಅವರು ಪತಿ ವಿ. ಸುಂದರಂ ಜೊತೆ ‘ಡವ್’ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಯಲ್ಲಿ ತಂದರು. ಹೆಣ್ಣು ವಿಮಾನ ಹಾರಿಸಬಲ್ಲಳೇ ಎಂಬ ಸಂಶಯಕ್ಕೆ ಅಲ್ಲಿಗೇ ತೆರೆ ಬೀಳಬೇಕಿತ್ತು. ಆದರೂ ವಾಯುಪಡೆ ಮಹಿಳಾ ಪೈಲಟ್‌ಗಳನ್ನು ಸೇರಿಸಿಕೊಳ್ಳಲು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ಮೊದಲ ತಂಡದ ಹರಿತಾ ಕೌರ್ ಡಿಯೋಲ್ ತರಬೇತಿ ಪಡೆದದ್ದು ನಮ್ಮ ಯಲಹಂಕದ ವಾಯುನೆಲೆಯಲ್ಲಿ. 1994ರ ಸೆಪ್ಟೆಂಬರ್ 2ರಂದು ಆವ್ರೋ ವಿಮಾನದಲ್ಲಿ ಸೋಲೋ ಹಾರಾಟ ಮಾಡಿದಾಗ ಅವರಿಗೆ 22 ವರ್ಷ. ಆಗ ನಾನು ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್. ಶಿಳ್ಳೆಯಂಥ ಸದ್ದು ಮಾಡುತ್ತಾ ಆವ್ರೋ ತಗ್ಗಿ ಬಂದರೆ, ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಅಮ್ಮ ಕೈ ನಿಲ್ಲಿಸಿ, “ಅದನ್ನ ಈಗ ಹುಡುಗೀರೂ ಓಡಿಸ್ತಾರಂತೆ ಕಣೇ” ಅನ್ನೋರು. 1996ರ ಡಿಸೆಂಬರ್ 24ರಂದು ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಆವ್ರೋ ಅಪಘಾತಕ್ಕೀಡಾಗಿ ಹರಿತಾ ತೀರಿಕೊಂಡರು. ಹೆಣ್ಣುಮಕ್ಕಳನ್ನು ಜೀವಾಪಾಯದಿಂದ ದೂರ ಇಡಬೇಕು ಎನ್ನುವವರು ಅವರ ಹೆಸರನ್ನು ನೆನೆಯಬೇಕು. ಸಮವಸ್ತ್ರದ ಜೊತೆಗೆ ಬರುವ ಅಪಾಯವನ್ನು ನಮ್ಮವರು ಎಂದೋ ಹೊತ್ತಾಗಿದೆ.

ಫೈಟರ್ ವಿಭಾಗಕ್ಕೆ ಮಹಿಳೆಯರು ಬಂದದ್ದು 2016ರಲ್ಲಿ; ಆ ಮೂವರೂ ಬೀದರಿನಲ್ಲಿ ಹಾಕ್ ವಿಮಾನದ ಮೇಲೆ ಪಳಗಿದರು. ಭೂಸೇನೆಯಲ್ಲಿ 1992ರಿಂದ ಮಹಿಳಾ ಅಧಿಕಾರಿಗಳಿದ್ದರೂ, ಜವಾನ್ ದರ್ಜೆಯ ಮೊದಲ ತಂಡ, ಮಿಲಿಟರಿ ಪೊಲೀಸ್‌ನ 83 ಮಂದಿ, 61 ವಾರಗಳ ತರಬೇತಿ ಮುಗಿಸಿ ಬೆಂಗಳೂರಿನಲ್ಲೇ ಹೊರಬಂದದ್ದು 2021ರ ಮೇ 8ರಂದು. 2023ರಲ್ಲಿ ಫಿರಂಗಿ ದಳವೂ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಂಡಿತು. ಪದಾತಿದಳ, ಟ್ಯಾಂಕ್ ದಳಗಳ ಬಾಗಿಲು ಮಾತ್ರ ತೆರೆದಿಲ್ಲ.

ಪದಾತಿಯ ಕೆಲಸ ಬೇರೆ, ಒಪ್ಪುತ್ತೇನೆ. ಅಲ್ಲಿ ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಭಾರ ಹೊತ್ತು ನಡೆಯುವ ತರಬೇತಿಯಲ್ಲಿ ಹೆಣ್ಣುಮಕ್ಕಳ ಮೂಳೆಗೆ ಬಿರುಕು ಬೀಳುವುದು ಗಂಡಸರಿಗಿಂತ ಹೆಚ್ಚೆಂಬುದು ಹಲವು ದೇಶಗಳ ಸೇನೆಗಳ ಅನುಭವ. ಅದನ್ನು ಮುಚ್ಚಿಟ್ಟು ವಾದ ಮಾಡಿದರೆ ನಷ್ಟವಾಗುವುದು ಸೇರಲಿರುವ ಹುಡುಗಿಯರಿಗೇ.

ಆದರೆ ಆ ತಾಕತ್ತನ್ನು ಅಳೆಯಲು ಸೇನೆಯ ಬಳಿ ಬಿಪಿಇಟಿ ಎಂಬ ದೈಹಿಕ ಪರೀಕ್ಷೆ ಇದೆ: ಪೂರ್ತಿ ಕಿಟ್, ರೈಫಲ್ ಸಮೇತ 5 ಕಿ.ಮೀ. ಓಟ, ಹಗ್ಗ ಹತ್ತುವುದು, 9 ಅಡಿಯ ಹಳ್ಳ ಜಿಗಿಯುವುದು. ಪದಾತಿದಳದ ಗಂಡಸರಿಗೆ ಇಟ್ಟ ಸಮಯವನ್ನೇ ಹೆಣ್ಣಿಗೂ ಇಡಿ, ಒಂದು ಸೆಕೆಂಡೂ ಸಡಿಲಿಸಬೇಡಿ. ಬ್ರಿಟನ್ ತನ್ನ ಪದಾತಿದಳವನ್ನು 2018ರಲ್ಲಿ ಮಹಿಳೆಯರಿಗೆ ತೆರೆಯಿತು. ನಮ್ಮಲ್ಲಿ ಪಾಸಾಗುವವರು ಬೆರಳೆಣಿಕೆಯಷ್ಟೇ ಇರಬಹುದು. ಅಷ್ಟು ಮಂದಿಯನ್ನಾದರೂ ಓಡಲು ಬಿಡಿ.