ರಕ್ತ ಹೆಪ್ಪುಗಟ್ಟಲೂಬೇಕು, ಗಟ್ಟಲೂಬಾರದು

ಇವತ್ತು ಎರಡು ಇಸವಿಗಳ ಕಥೆ: 1964 ಮತ್ತು 1977.

ಹಿಮೋಫಿಲಿಯಾ ಇದ್ದವರಿಗೆ ಹಲ್ಲು ಕಿತ್ತರೂ ರಕ್ತ ಬೇಗ ನಿಲ್ಲಲ್ಲ. ಹಿಂದೆ ಇವರಲ್ಲಿ ಹೆಚ್ಚಿನವರು ಹಾರ್ಟ್ ಅಟ್ಯಾಕ್ ಆಗುವ ವಯಸ್ಸಿನ ತನಕ ಬದುಕ್ತಾನೇ ಇರಲಿಲ್ಲ. 1964ರಲ್ಲಿ ಅಮೆರಿಕದ ಜುಡಿತ್ ಪೂಲ್, ಫ್ರೀಜ್ ಮಾಡಿದ ಪ್ಲಾಸ್ಮಾ ನಿಧಾನ ಕರಗಿದಾಗ ತಳದಲ್ಲಿ ಉಳಿಯುವ ಗಸಿಯಲ್ಲಿ ಫ್ಯಾಕ್ಟರ್ 8 ತುಂಬಿದೆ ಅಂತ ತೋರಿಸಿದರು. ಆಯುಷ್ಯ ಹೆಚ್ಚಿತು. ನಮ್ಮ ರಾಜ್ಯದಲ್ಲಿ, ತಮಗೇ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು.

ಆಯುಷ್ಯದ ಜೊತೆ ಹೃದ್ರೋಗವೂ ಬಂತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಬಲೂನಿನಿಂದ ಹೃದಯದ ರಕ್ತನಾಳ ಬಿಡಿಸಿದರು. ಅದೇ ಆಂಜಿಯೋಪ್ಲಾಸ್ಟಿ. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕು, ಸ್ಟೆಂಟ್ ಹಾಕಿದರೆ ಆಮೇಲೂ ಮಾತ್ರೆ ಬೇಕು. ಮೊದಲೇ ರಕ್ತ ನಿಲ್ಲದವರಿಗೆ ಇದನ್ನ ಕೊಡೋದು ಹೇಗೆ?

ಬಿಕಾಂ ಓದಿದ ನನಗೆ ಇದು ಡೆಬಿಟ್-ಕ್ರೆಡಿಟ್ ಹಾಗೆ ಕಾಣುತ್ತೆ. ಮೊದಲು ಫ್ಯಾಕ್ಟರ್ ಕೊಟ್ಟು ಮಟ್ಟ ಏರಿಸ್ತಾರೆ, ಆಮೇಲೆ ಹೆಪಾರಿನ್. ತೊಡೆಯ ಬದಲು ಮಣಿಕಟ್ಟಿನಿಂದ ನಳಿಕೆ ಹಾಕಿದರೆ ರಕ್ತಸ್ರಾವದ ಭಯ ಕಡಿಮೆ. ಹೃದಯದ ಡಾಕ್ಟರ್, ರಕ್ತದ ಡಾಕ್ಟರ್ ಇಬ್ಬರೂ ಸೇರಿ ಲೆಕ್ಕ ಹಾಕಬೇಕು.

ಆದರೆ ಭಟ್ಕಳ, ಹೊನ್ನಾವರ, ಕುಮಟಾದವರು ಇಂಥದ್ದಕ್ಕೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಕುಮಟಾದಿಂದ ಮಣಿಪಾಲಕ್ಕೇ 100 ಕಿಲೋಮೀಟರಿಗಿಂತ ಜಾಸ್ತಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಬೇರೊಬ್ಬ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಲ್ಲಿ ಪಲ್ಟಿಯಾಗಿ 4 ಜನ ತೀರಿಕೊಂಡರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಮತ್ತೆ ಜೋರಾಯ್ತು.

ಮನೆಯಲ್ಲಿ ಹಿಮೋಫಿಲಿಯಾ ಇದ್ದವರಿದ್ದರೆ, ಯಾವ ಫ್ಯಾಕ್ಟರ್ ಕಮ್ಮಿ, ಎಷ್ಟು ಕಮ್ಮಿ ಅನ್ನೋ ರಿಪೋರ್ಟಿನ ಫೋಟೋ ಇವತ್ತೇ ಫೋನಲ್ಲಿ ಇಟ್ಟುಕೊಳ್ಳಿ. ಆಂಬುಲೆನ್ಸ್ ಹತ್ತಿದ ಮೇಲೆ ಹುಡುಕೋಕೆ ಟೈಮ್ ಇರಲ್ಲ.