ಪ್ರತ್ಯಕ್ಷ ಮತವೂ ಪರೋಕ್ಷ ಮತವೂ

ಧಾರವಾಡ ಜಿಲ್ಲೆಯ ಹಳ್ಳಿಗನೊಬ್ಬನು ಗ್ರಾಮ ಪಂಚಾಯಿತಿಯ ಚುನಾವಣೆಯ ದಿನ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಮರಳುತ್ತಾನೆ. ತಾನು ಆರಿಸಿದ್ದು ಒಬ್ಬ ಸದಸ್ಯನನ್ನೆಂದು ಅವನ ತಿಳಿವಳಿಕೆ. ಆದರೆ ಆ ಮತವು ಅಲ್ಲಿಗೇ ನಿಲ್ಲುವುದಿಲ್ಲ. ಅವನು ಕಳುಹಿಸಿದ ಸದಸ್ಯನು ಇತರರೊಡನೆ ಕೂಡಿ ಪಂಚಾಯಿತಿಯ ಅಧ್ಯಕ್ಷರನ್ನು ಆರಿಸುತ್ತಾನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋಗುವವರಿಗೂ ಮತ ಕೊಡುತ್ತಾನೆ. ಅದೇ ಹಳ್ಳಿಗನು ಬೇರೊಂದು ದಿನ ಆರಿಸಿದ ಶಾಸಕನು ರಾಷ್ಟ್ರಪತಿಯ ಆಯ್ಕೆಯಲ್ಲಿ ಭಾಗಿಯಾಗುತ್ತಾನೆ. ಹೀಗೆ ಜನರ ಮತವು ಅನ್ಯರ ಕೈಯ ಮೂಲಕ ಸಾಗುವುದು ಉಚಿತವೆ, ಅಥವಾ ಎಲ್ಲ ಆಯ್ಕೆಯೂ ನೇರವಾಗಿಯೇ ನಡೆಯತಕ್ಕದ್ದೆ? ಇದೇ ನಾವಿಂದು ವಿಚಾರಿಸಬೇಕೆಂದಿರುವ ಪ್ರಶ್ನೆ.

ಪರೋಕ್ಷ ಚುನಾವಣೆಯು ಈ ಸೀಮೆಗೆ ಹೊಸತೇನೂ ಅಲ್ಲ. 1882ರಲ್ಲಿ ಲಾರ್ಡ್ ರಿಪನ್ನರು ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ನಿರ್ಣಯವನ್ನು ಹೊರಡಿಸಿದ ತರುವಾಯ ಮುಂಬಯಿ ಸರಕಾರವು 1884ರಲ್ಲಿ ಲೋಕಲ್ ಬೋರ್ಡುಗಳ ಕಾಯಿದೆಯನ್ನು ಮಾಡಿತು. ಕಲಘಟಗಿಯೂ, ಅಣ್ಣಿಗೇರಿಯನ್ನು ಒಳಗೊಂಡಿದ್ದ ನವಲಗುಂದವೂ ಆಗ ಮುಂಬಯಿ ಪ್ರಾಂತದ ತಾಲೂಕುಗಳು. ಕುಂದಗೋಳವು ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, 1948ರಲ್ಲಿ ಆ ಸಂಸ್ಥಾನವು ವಿಲೀನವಾಗುವವರೆಗೂ ಬೇರೆ ಆಳ್ವಿಕೆಯಲ್ಲಿದ್ದಿತು. ಪ್ರಾಂತದ ತಾಲೂಕು ಬೋರ್ಡುಗಳು ಜಿಲ್ಲಾ ಬೋರ್ಡಿಗೆ ಪ್ರತಿನಿಧಿಗಳನ್ನು ಆರಿಸುತ್ತಿದ್ದುವು. 1892ರ ಕಾಯಿದೆಯ ನಂತರ ಬೋರ್ಡುಗಳೂ ಮುನಿಸಿಪಾಲಿಟಿಗಳೂ ಮುಂಬಯಿಯ ಶಾಸನ ಸಭೆಗೆ ಹೆಸರುಗಳನ್ನು ಸೂಚಿಸತೊಡಗಿದುವು. ಹೊಲದಲ್ಲಿ ದುಡಿವ ರೈತನಿಗೂ ಶಾಸನ ಸಭೆಯಲ್ಲಿ ಅವನ ಹೆಸರಿನಲ್ಲಿ ಮಾತನಾಡುವವನಿಗೂ ನಡುವೆ ಹಲವು ಮೆಟ್ಟಿಲುಗಳ ಅಂತರ. ಒಬ್ಬನು ಇನ್ನೊಬ್ಬನ ಮುಖವನ್ನೇ ಕಂಡಿರಲಿಲ್ಲವೆಂದರೂ ಸಲ್ಲುವುದು. 1918ರ ಮಾಂಟೆಗು ಚೆಲ್ಮ್ಸ್‌ಫರ್ಡ್ ವರದಿಯು ಈ ದೋಷವನ್ನೇ ಎತ್ತಿ ತೋರಿಸಿತು. 1920ರಲ್ಲಿ ಪ್ರಾಂತಗಳ ಶಾಸನ ಸಭೆಗಳಿಗೆ ಪ್ರತ್ಯಕ್ಷ ಚುನಾವಣೆ ನಡೆಯಿತಾದರೂ, ಮತವು ಆಸ್ತಿಯುಳ್ಳ ಕೆಲವರ ಸೊತ್ತಾಗಿಯೇ ಉಳಿಯಿತು. ವಯಸ್ಕರೆಲ್ಲರಿಗೂ ಮತ ದೊರೆತದ್ದು ಸ್ವತಂತ್ರ ಭಾರತದ ಸಂವಿಧಾನದಿಂದ.

ಆದರೆ ಆ ಸಂವಿಧಾನವೇ ರಾಷ್ಟ್ರಪತಿಯ ಆಯ್ಕೆಯನ್ನು ನೇರವಾಗಿ ಜನರಿಗೆ ಬಿಡಲಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕೆ. ಟಿ. ಶಹಾ ಅವರು ವಯಸ್ಕರೆಲ್ಲರ ಮತದಿಂದಲೇ ರಾಷ್ಟ್ರಪತಿಯ ಆಯ್ಕೆಯಾಗಬೇಕೆಂದು ವಾದಿಸಿದರು. ಅಂಬೇಡ್ಕರರು ಒಪ್ಪಲಿಲ್ಲ. ಮತದಾರರ ಸಂಖ್ಯೆ ಅಪಾರ. ಅದಕ್ಕಿಂತ ಹೆಚ್ಚಾಗಿ, ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವನು. ಕಾರ್ಯಾಧಿಕಾರವಿಲ್ಲದವನಿಗೆ ಕೋಟ್ಯಂತರ ಜನರ ನೇರ ಮತದ ಬಲವನ್ನು ಕೊಟ್ಟರೆ ಅವನು ಪ್ರಧಾನಿಗೆ ಪ್ರತಿಸ್ಪರ್ಧಿಯಾಗಿ ನಿಲ್ಲಲಾರನೆ? ಈ ಕಾರಣದಿಂದ ಸಂಸತ್ತಿನ ಮತ್ತು ವಿಧಾನ ಸಭೆಗಳ ಚುನಾಯಿತ ಸದಸ್ಯರಿಗೆ ಈ ಆಯ್ಕೆಯು ಮೀಸಲಾಯಿತು. 2022ರ ಚುನಾವಣೆಯಲ್ಲಿ ನವಲಗುಂದದ ಶಾಸಕರಿಗೂ ಕುಂದಗೋಳದ ಶಾಸಕರಿಗೂ, ಕರ್ನಾಟಕದ 224 ಶಾಸಕರಲ್ಲಿ ಪ್ರತಿಯೊಬ್ಬರಿಗೂ, ಮತದ ಮೌಲ್ಯ 131 ಆಗಿದ್ದಿತು. ಈ ಲೆಕ್ಕಕ್ಕೆ 1971ರ ಜನಗಣತಿಯೇ ಆಧಾರ.

ಅಮೆರಿಕದ ಸ್ಥಿತಿ ಬೇರೆ. ಅಲ್ಲಿಯ ಅಧ್ಯಕ್ಷನು ನಿಜವಾಗಿ ರಾಜ್ಯವಾಳುವವನು. ಆದರೂ ಅವನನ್ನು ಆರಿಸುವುದು ರಾಜ್ಯವಾರು ನೇಮಕಗೊಂಡ ಚುನಾಯಕರು. ಸಣ್ಣ ರಾಜ್ಯಗಳಿಗೆ ಜನಸಂಖ್ಯೆಗೆ ಮೀರಿದ ತೂಕ ಅಲ್ಲಿ ಉಂಟು. 2000ದಲ್ಲಿಯೂ 2016ರಲ್ಲಿಯೂ ಹೆಚ್ಚು ಜನಮತ ಪಡೆದವರು ಸೋತುದನ್ನು ಲೋಕವೇ ಕಂಡಿತು. ಆಳುವವನನ್ನು ಆರಿಸುವಲ್ಲಿ ಬಹುಜನರ ಮಾತು ನಡೆಯದೆ ಹೋದರೆ ಆ ಪದ್ಧತಿಯನ್ನು ಸಮರ್ಥಿಸುವುದು ಕಷ್ಟವೇ ಸರಿ.

ಈಗ ಪುನಃ ನಮ್ಮ ಹಳ್ಳಿಗೆ ಬರೋಣ. ಗ್ರಾಮ ಪಂಚಾಯಿತಿಯ ಅಧ್ಯಕ್ಷಸ್ಥಾನವು ಅಲಂಕಾರದ ಪದವಿಯಲ್ಲ. ಕುಡಿಯುವ ನೀರು, ಬೀದಿಯ ದೀಪ, ಉದ್ಯೋಗ ಖಾತರಿಯ ಕೂಲಿ, ಎಲ್ಲಕ್ಕೂ ಆ ಸ್ಥಾನದ ಸಂಬಂಧವುಂಟು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅಧ್ಯಕ್ಷರನ್ನು ಸದಸ್ಯರೇ ಆರಿಸತಕ್ಕದ್ದೆಂದು ವಿಧಿಸಿ, ಗ್ರಾಮದ ಮಟ್ಟದಲ್ಲಿ ಮಾತ್ರ ರೀತಿಯನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಕರ್ನಾಟಕವು ಸದಸ್ಯರ ಮತವನ್ನೇ ಉಳಿಸಿಕೊಂಡಿತು. ಮಹಾರಾಷ್ಟ್ರವು 2017ರಲ್ಲಿ ಸರಪಂಚರ ನೇರ ಚುನಾವಣೆಯನ್ನು ತಂದು, 2020ರಲ್ಲಿ ತೆಗೆದು, 2022ರಲ್ಲಿ ಮರಳಿ ತಂದಿತು. ಇದರಿಂದಲೇ ಪ್ರಶ್ನೆಯು ಎಷ್ಟು ತೊಡಕಿನದೆಂಬುದು ವ್ಯಕ್ತವಾಗುತ್ತದೆ.

ಎರಡು ಪಕ್ಷಗಳಲ್ಲಿಯೂ ಸತ್ಯವುಂಟು. ಹತ್ತು ಹದಿನೈದು ಮಂದಿಯ ಕೈಯಲ್ಲಿ ಆಯ್ಕೆಯಿದ್ದಾಗ ಅವರನ್ನು ಒಲಿಸುವುದು ಸುಲಭ; ಚುನಾವಣೆಯ ಮುನ್ನ ಸದಸ್ಯರನ್ನು ದೂರದ ಊರಿನ ವಸತಿಗೃಹಗಳಲ್ಲಿ ಕೂಡಿಹಾಕುವ ಸುದ್ದಿ ಪತ್ರಿಕೆಗಳ ಓದುಗರಿಗೆ ಅಪರಿಚಿತವಲ್ಲ. ಮೀಸಲು ಸ್ಥಾನದಿಂದ ಅಧ್ಯಕ್ಷೆಯಾದ ಬಡ ಹೆಣ್ಣುಮಗಳು ತನ್ನನ್ನು ಕೂರಿಸಿದ ಗುಂಪಿನ ಮರ್ಜಿಗೆ ಒಳಗಾಗಿರಬೇಕಾಗುತ್ತದೆ. ಊರೇ ಆರಿಸಿದ್ದರೆ ಅವಳ ಮಾತಿಗೆ ಬೇರೆಯೇ ಬಲವಿರುತ್ತಿದ್ದಿತು.

ಇನ್ನೊಂದು ಪಕ್ಷವನ್ನು ತಿಳಿಯಲು ನೆಲವನ್ನೇ ನೋಡಬೇಕು. ನವಲಗುಂದದ ಎರೆಸೀಮೆಯಲ್ಲಿ ಊರುಗಳು ದೊಡ್ಡವು, ಒತ್ತಾಗಿ ಕಟ್ಟಿದವು. ಕಲಘಟಗಿಯ ಕಾಡಂಚಿನಲ್ಲಿ ಹಳ್ಳಿಗಳು ಸಣ್ಣವು, ಚದರಿದವು. ಹಲವು ಹಳ್ಳಿ ಕೂಡಿ ಒಂದು ಪಂಚಾಯಿತಿ. ನೇರ ಮತವಾದರೆ ಅಲ್ಲಿಯ ದೊಡ್ಡ ಹಳ್ಳಿಯೇ ಪ್ರತಿ ಸಲವೂ ಗೆದ್ದು, ಮೂವತ್ತು ಮನೆಯ ಹಳ್ಳಿಯ ಅಧ್ಯಕ್ಷನು ಎಂದೂ ಬಾರದೆ ಹೋದಾನು. ಸದಸ್ಯರ ಸಭೆಯಲ್ಲಾದರೆ ಸಣ್ಣ ಹಳ್ಳಿಯ ಸದಸ್ಯನು ಹೊಂದಾಣಿಕೆಯಿಂದ ಸ್ಥಾನ ಪಡೆಯಬಲ್ಲನು. ಅಮೆರಿಕದ ಸಣ್ಣ ರಾಜ್ಯಗಳ ವಾದವೇ ಇಲ್ಲಿ ನಮ್ಮ ನೆಲದಲ್ಲಿ ಮರುದನಿಗೊಡುತ್ತದೆ.

ಆದರೂ ನಮ್ಮ ಒಲವು ಗ್ರಾಮದ ಮಟ್ಟದಲ್ಲಿ ನೇರ ಮತದ ಕಡೆಗೆ. ಜನರ ಹಣವನ್ನು ವೆಚ್ಚ ಮಾಡುವವನು ಜನರಿಗೇ ನೇರವಾಗಿ ಉತ್ತರ ಹೇಳತಕ್ಕವನು. ರಾಷ್ಟ್ರಪತಿಗೆ ಸಲ್ಲುವ ನ್ಯಾಯ ಅವನಿಗೆ ಸಲ್ಲದು. ಸಣ್ಣ ಹಳ್ಳಿಯ ರಕ್ಷಣೆಗೆ ಬೇರೆ ದಾರಿಯುಂಟು: ಪ್ರತಿ ಹಳ್ಳಿಯ ಪಾಲಿನ ಹಣವನ್ನು ಮೊದಲೇ ಗೊತ್ತುಪಡಿಸುವುದು, ಗ್ರಾಮಸಭೆಯನ್ನು ತಪ್ಪದೆ ಕೂಡಿಸಿ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುವುದು. ಗ್ರಾಮಸಭೆಗೆ ಬಾರದ ಜನರಿಗೆ ಯಾವ ಚುನಾವಣಾ ಪದ್ಧತಿಯೂ ಒಳ್ಳೆಯ ಆಡಳಿತವನ್ನು ತಂದುಕೊಡಲಾರದು. ಶಾಯಿ ಬೆರಳಿನಿಂದ ಕೆಲವೇ ವಾರಗಳಲ್ಲಿ ಅಳಿದುಹೋಗುವುದು. ಕೇಳುವ ಹಕ್ಕು ಮಾತ್ರ ಐದು ವರ್ಷವೂ ಕೈಯಲ್ಲಿರತಕ್ಕದ್ದು.