ಮಳೆಗಾಲದ ಮನೆಗೆ ತೇವ ಹೀರುವ ಯಂತ್ರ: ಮಾಡುವುದೇನು, ಮಾಡಲಾಗದ್ದೇನು?

ಸಂಡೂರು: ಸೆಪ್ಟೆಂಬರ್ ತಿಂಗಳಲ್ಲಿ ಸಂಡೂರನ್ನು ನೋಡಬೇಕು ಎಂದು ಮಹಾತ್ಮ ಗಾಂಧೀಜಿ ಹೇಳಿದ್ದರೆಂಬ ಮಾತು ಈ ಭಾಗದಲ್ಲಿ ಜನಜನಿತ. 1934ರಲ್ಲಿ ಅವರು ಇಲ್ಲಿಗೆ ಭೇಟಿ ನೀಡಿದ್ದರು. ಬಿರುಬಿಸಿಲಿಗೆ ಹೆಸರಾದ ಬಳ್ಳಾರಿ ಜಿಲ್ಲೆಯಲ್ಲಿ, ಬೆಟ್ಟಸಾಲುಗಳ ನಡುವಿನ ಈ ಕಣಿವೆಯು ಮಳೆಗಾಲದ ಕೊನೆಯ ಹೊತ್ತಿಗೆ ಹಸಿರಿನಿಂದ ತುಂಬಿಕೊಳ್ಳುತ್ತದೆ. ಪ್ರವಾಸಿಗರಿಗೆ ಹಿತವೆನಿಸುವ ಇದೇ ದಿನಗಳು ಮನೆಯೊಳಗಿನವರಿಗೆ ಮಾತ್ರ ಬೇರೆಯದೇ ಅನುಭವ ನೀಡುತ್ತವೆ. ಡಬ್ಬಿಯಲ್ಲಿನ ಉಪ್ಪು ನೀರೊಡೆಯುತ್ತದೆ. ಹಪ್ಪಳ ಮೆತ್ತಗಾಗುತ್ತದೆ. ಬೀರುವಿನಲ್ಲಿರಿಸಿದ ಸೀರೆಗಳಿಗೆ ಮುಗ್ಗಲು ವಾಸನೆ ಬರುತ್ತದೆ. ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ.

ಗಣಿ ಪ್ರದೇಶವಾದ ಸಂಡೂರು ತಾಲ್ಲೂಕಿಗೆ ಇದರ ಜೊತೆಗೆ ಇನ್ನೊಂದು ಇಕ್ಕಟ್ಟೂ ಇದೆ. ಮಳೆ ಬಿಡುವು ಕೊಟ್ಟ ದಿನ ಅದಿರು ಲಾರಿಗಳು ಓಡಾಡುವ ರಸ್ತೆಯ ಕೆಸರು ಒಣಗಿ ಕೆಂಪು ದೂಳಾಗಿ ಏಳುತ್ತದೆ. ಕಿಟಕಿ ತೆರೆದರೆ ದೂಳು, ಮುಚ್ಚಿದರೆ ತೇವ. ಕರಾವಳಿ ಮತ್ತು ಮಲೆನಾಡಿಗೆ ಮಾತ್ರ ಬೇಕಾದದ್ದೆಂದು ಭಾವಿಸಲಾಗುವ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರವು ಬಯಲುಸೀಮೆಯ ಇಂತಹ ಊರಿಗೂ ಪ್ರಸ್ತುತವಾಗುವುದು ಈ ಕಾರಣಕ್ಕೆ. ಆದರೆ ಹಣ ತೆರುವ ಮುನ್ನ ಅದು ಯಾವ ತೇವವನ್ನು ತೆಗೆಯಬಲ್ಲದು, ಯಾವುದನ್ನು ತೆಗೆಯಲಾರದು ಎಂಬುದನ್ನು ಅರಿತುಕೊಳ್ಳುವುದು ಅಗತ್ಯ.

ಆರ್ದ್ರತೆಯ ಲೆಕ್ಕ

ಗಾಳಿಯಲ್ಲಿ ನೀರು ಕಣ್ಣಿಗೆ ಕಾಣದ ಆವಿಯ ರೂಪದಲ್ಲಿರುತ್ತದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿಗೆ ಎಡೆ ಸಿಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 9.4 ಗ್ರಾಂ ಆವಿ ಇರಬಲ್ಲದು. 20 ಡಿಗ್ರಿಯಲ್ಲಿ ಈ ಮಿತಿ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಈ ಗರಿಷ್ಠ ಮಿತಿಯ ಶೇಕಡಾ ಎಷ್ಟು ಭಾಗ ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಹವಾಮಾನ ವರದಿಗಳಲ್ಲಿ ಆರ್ದ್ರತೆ ಶೇ 80 ಎಂದರೆ ಇದೇ ಅರ್ಥ.

ಗಾಳಿ ತಣ್ಣಗಾದಾಗ ಮಿತಿ ಕುಗ್ಗುತ್ತದೆ. ಒಂದು ಹಂತದಲ್ಲಿ ಆರ್ದ್ರತೆ ಶೇ 100 ತಲುಪಿ, ಹೆಚ್ಚಿನ ಆವಿ ನೀರಾಗಿ ಬೇರ್ಪಡುತ್ತದೆ. ಈ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎಂದು ಹೆಸರು. ತಣ್ಣೀರು ತುಂಬಿದ ತಂಬಿಗೆ ಹೊರಮೈಯಲ್ಲಿ ಬೆವರುವುದು, ಮುಂಜಾನೆ ಹುಲ್ಲಿನ ಮೇಲೆ ಹನಿ ಕೂರುವುದು ಇದರಿಂದಲೇ. ತೇವ ತೆಗೆಯುವ ಯಂತ್ರದ ಒಳಗೆ ನಡೆಯುವುದೂ ಈ ಕ್ರಿಯೆಯೇ.

ಯಂತ್ರ ಕೆಲಸ ಮಾಡುವ ಬಗೆ

ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕಂಪ್ರೆಸರ್ ಆಧಾರಿತ ಯಂತ್ರ. ಒಂದು ಫ್ಯಾನ್ ಕೋಣೆಯ ಗಾಳಿಯನ್ನು ಜಾಲರಿಯ ಮೂಲಕ ಒಳಗೆಳೆದುಕೊಳ್ಳುತ್ತದೆ. ಆ ಗಾಳಿ ಮೊದಲು ತಣ್ಣನೆಯ ಲೋಹದ ಸುರುಳಿಯನ್ನು ಹಾಯುತ್ತದೆ. ಸುರುಳಿಯ ಮೈ ಇಬ್ಬನಿ ಬಿಂದುವಿಗಿಂತ ತಣ್ಣಗಿರುವುದರಿಂದ ಆವಿ ಹನಿಗಟ್ಟಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ತೇವ ಕಳೆದುಕೊಂಡ ಗಾಳಿ ಮುಂದೆ ಬಿಸಿ ಸುರುಳಿಯನ್ನು ಹಾದು, ಬೆಚ್ಚಗಾಗಿ, ಅದೇ ಕೋಣೆಗೆ ಮರಳುತ್ತದೆ. ಎರಡೂ ಸುರುಳಿಗಳ ನಡುವೆ ಶೀತಕ ಅನಿಲವನ್ನು ಸುತ್ತಿಸುವುದು ಕಂಪ್ರೆಸರ್‌ನ ಕೆಲಸ. ಮನೆಯ ಫ್ರಿಜ್ಜಿನಲ್ಲಿರುವ ವ್ಯವಸ್ಥೆಯೂ ಇದೇ.

ಆರ್ದ್ರತೆಯನ್ನು ಅಳೆಯುವ ಸಂವೇದಕ ಯಂತ್ರದಲ್ಲೇ ಇರುತ್ತದೆ. ಬಳಕೆದಾರರು ಶೇ 55 ಎಂದು ನಿಗದಿಪಡಿಸಿದರೆ, ಆ ಮಟ್ಟ ತಲುಪಿದಾಗ ಕಂಪ್ರೆಸರ್ ನಿಂತು, ಆರ್ದ್ರತೆ ಮತ್ತೆ ಏರಿದಾಗ ಚಾಲೂ ಆಗುತ್ತದೆ. ತೊಟ್ಟಿ ತುಂಬಿದಾಗ ಅದರಲ್ಲಿ ತೇಲುವ ಗುಂಡು ಮೇಲೇರಿ ಯಂತ್ರವನ್ನು ನಿಲ್ಲಿಸುತ್ತದೆ. ಪದೇ ಪದೇ ತೊಟ್ಟಿ ಖಾಲಿ ಮಾಡುವ ತೊಂದರೆ ತಪ್ಪಿಸಲು ಕೊಳವೆ ಜೋಡಿಸಿ ನೀರನ್ನು ಬಚ್ಚಲಿಗೆ ಹರಿಸುವ ಅನುಕೂಲವೂ ಹಲವು ಯಂತ್ರಗಳಲ್ಲಿದೆ.

ಈ ತತ್ವದ ಹಿಂದೆ ಮುದ್ರಣ ಲೋಕದ ನಂಟಿದೆ. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದರಲ್ಲಿ ಕಾಗದವು ತೇವ ಹೀರಿ ಹಿಗ್ಗುತ್ತ, ಕುಗ್ಗುತ್ತ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸುವ ವ್ಯವಸ್ಥೆ ರೂಪಿಸಿದರು. ಇಂದಿನ ಹವಾನಿಯಂತ್ರಣ ಆರಂಭವಾದದ್ದು ಹೀಗೆ, ಮನುಷ್ಯರಿಗಲ್ಲ, ಕಾಗದಕ್ಕಾಗಿ.

ಒಂದು ಲೋಟ ನೀರಿನ ಪ್ರಶ್ನೆ

12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 40 ಘನ ಮೀಟರ್ ಗಾಳಿ ಇರುತ್ತದೆ. ಉಷ್ಣಾಂಶ 25 ಡಿಗ್ರಿ, ಆರ್ದ್ರತೆ ಶೇ 85 ಇದ್ದರೆ ಅಷ್ಟೂ ಗಾಳಿಯಲ್ಲಿರುವ ನೀರು ಸುಮಾರು 780 ಗ್ರಾಂ. ಅದನ್ನು ಶೇ 55ಕ್ಕೆ ಇಳಿಸಲು ತೆಗೆಯಬೇಕಾದದ್ದು 280 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ದೊಡ್ಡ ಲೋಟದಷ್ಟು ನೀರು.

ಹಾಗಿದ್ದರೂ ಯಂತ್ರದ ತೊಟ್ಟಿಯಲ್ಲಿ ದಿನಕ್ಕೆ ಹಲವು ಲೀಟರ್ ನೀರು ಸೇರುವುದುಂಟು. ಮೊದಲ ಲೋಟದ ನಂತರದ ನೀರೆಲ್ಲ ಬೇರೆಡೆಯಿಂದ ಬಂದದ್ದು. ಗೋಡೆ, ಹಾಸಿಗೆ, ಬಟ್ಟೆಗಳು ಹೀರಿಕೊಂಡ ತೇವ ನಿಧಾನವಾಗಿ ಹೊರಬರುತ್ತದೆ. ಬಾಗಿಲ ಸಂದುಗಳಿಂದ ಹೊರಗಿನ ಗಾಳಿ ನುಗ್ಗುತ್ತದೆ. ನಾಲ್ವರು ಮಲಗುವ ಕೋಣೆಯಲ್ಲಿ ಒಂದು ರಾತ್ರಿಯಲ್ಲಿ ಉಸಿರು ಮತ್ತು ಬೆವರಿನಿಂದಲೇ ಒಂದು ಲೀಟರಿಗೂ ಮಿಕ್ಕಿ ನೀರು ಗಾಳಿ ಸೇರುತ್ತದೆ. ಒಗೆದ ಬಟ್ಟೆಗಳನ್ನು ಒಳಗೆ ಹರವಿದರೆ ಅವುಗಳಲ್ಲಿನ ನೀರೆಲ್ಲ ಮನೆಯ ಗಾಳಿಗೇ ಸೇರುತ್ತದೆ. ಹಲವರ ಗಮನಕ್ಕೆ ಬಾರದ ಸಂಗತಿಯೆಂದರೆ ಅಡುಗೆ ಅನಿಲ. ಒಂದು ಕಿಲೋ ಎಲ್‌ಪಿಜಿ ಉರಿದಾಗ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಹೆಚ್ಚು ನೀರು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ.

ಆದ್ದರಿಂದ ಯಂತ್ರಕ್ಕೆ ಗಾಳಿಯನ್ನು ಒಣಗಿಸುವುದು ಸುಲಭ, ತೇವದ ಮೂಲವನ್ನು ಮುಚ್ಚುವುದು ಅಸಾಧ್ಯ. ಛಾವಣಿ ಸೋರುತ್ತಿದ್ದರೆ, ಗೋಡೆಯೊಳಗಿನ ನಲ್ಲಿ ಕೊಳವೆ ಒಡೆದಿದ್ದರೆ, ತಳಪಾಯದಿಂದ ನೀರು ಮೇಲೇರುತ್ತಿದ್ದರೆ ಅದು ದಿನವಿಡೀ ಓಡುತ್ತಲೇ ಇರುತ್ತದೆ. ಗೋಡೆ ಮಾತ್ರ ಒಣಗುವುದಿಲ್ಲ.

ಗೋಡೆಯೋ, ಗಾಳಿಯೋ?

ತೇವದ ಮೂಲ ತಿಳಿಯಲು ಸರಳ ಪರೀಕ್ಷೆಯೊಂದಿದೆ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಮೇಲೆ ನಾಲ್ಕೂ ಅಂಚುಗಳಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ ಹನಿ ಕಂಡರೆ ತೇವ ಗೋಡೆಯೊಳಗಿನದು. ಅದಕ್ಕೆ ಬೇಕಾದದ್ದು ಗಾರೆ ಕೆಲಸದವರು ಅಥವಾ ನಲ್ಲಿ ರಿಪೇರಿಯವರೇ ಹೊರತು ಯಂತ್ರವಲ್ಲ. ಹೊರಬದಿಯಲ್ಲಿ ಹನಿ ಕಂಡರೆ ತೇವ ಕೋಣೆಯ ಗಾಳಿಯದ್ದು. ಆಗ ಯಂತ್ರದಿಂದ ಪ್ರಯೋಜನವುಂಟು.

ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಪಟ್ಟೆಯಂತೆ ಸುಣ್ಣ ಉದುರಿ ಬಿಳಿ ಉಪ್ಪು ಕಾಣಿಸಿದರೆ ಅದು ತಳಪಾಯದಿಂದ ಏರಿದ ನೀರಿನ ಗುರುತು. ಕಪಾಟಿನ ಹಿಂದೆ, ಗಾಳಿಯಾಡದ ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಹುತೇಕ ಅದು ಗಾಳಿಯ ತೇವ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸುವುದರಿಂದಲೇ ಕೆಲವೊಮ್ಮೆ ಇದು ನಿವಾರಣೆಯಾಗುತ್ತದೆ.

ಆರೋಗ್ಯದ ಕಾಳಜಿ

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮನೆಯೊಳಗಿನ ತೇವ ಮತ್ತು ಬೂಷ್ಟಿಗೂ ಉಸಿರಾಟದ ತೊಂದರೆ, ಆಸ್ತಮಾಗಳಿಗೂ ನಂಟಿದೆಯೆಂದು ಹೇಳಿದೆ. ಮನೆಯ ಆರ್ದ್ರತೆ ಶೇ 60 ಮೀರಬಾರದು, ಶೇ 30ರಿಂದ 50ರ ನಡುವೆ ಇದ್ದರೆ ಉತ್ತಮ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ನಮ್ಮ ಮಳೆಗಾಲದಲ್ಲಿ ಶೇ 50ಕ್ಕೆ ಇಳಿಸಲು ಹಟ ಹಿಡಿದರೆ ವಿದ್ಯುತ್ ವ್ಯಯವಾಗುತ್ತದೆ. ಶೇ 55ರಿಂದ 60ರ ನಡುವೆ ನಿಲ್ಲಿಸುವುದು ವ್ಯಾವಹಾರಿಕ ಮಾರ್ಗ. ಕೆಲವೇ ನೂರು ರೂಪಾಯಿಗೆ ಸಿಗುವ ತೇವಮಾಪಕವನ್ನು ಒಂದು ವಾರ ಮನೆಯಲ್ಲಿಟ್ಟು ನೋಡಿದರೆ ಯಂತ್ರ ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಏರ್ ಕೂಲರ್, ಎ.ಸಿ.ಗಿಂತ ಹೇಗೆ ಭಿನ್ನ?

ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ನೀರಿನ ಏರ್ ಕೂಲರ್ ಚೆನ್ನಾಗಿ ತಂಪೆರೆಯುತ್ತದೆ. ಅದು ನೀರನ್ನು ಗಾಳಿಗೆ ಸೇರಿಸುವ ಯಂತ್ರ. ಮಳೆಗಾಲದಲ್ಲೂ ಅದನ್ನೇ ಓಡಿಸಿದರೆ ಕೋಣೆಯ ತೇವ ಇನ್ನಷ್ಟು ಹೆಚ್ಚುತ್ತದೆ.

ಎ.ಸಿ. ಕೂಡ ತೇವ ತೆಗೆಯುತ್ತದೆ, ಆದರೆ ಅದರ ಬಿಸಿ ಸುರುಳಿ ಮನೆಯ ಹೊರಗಿರುತ್ತದೆ. ಡಿಹ್ಯುಮಿಡಿಫೈಯರ್‌ನಲ್ಲಿ ಎರಡೂ ಸುರುಳಿಗಳು ಒಳಗೇ ಇರುವುದರಿಂದ ಕೋಣೆ ತುಸು ಬೆಚ್ಚಗಾಗುತ್ತದೆ. ಯಂತ್ರ ಬಳಸಿದ ವಿದ್ಯುತ್ತೆಲ್ಲ ಶಾಖವಾಗುವುದಲ್ಲದೆ, ಒಂದು ಲೀಟರ್ ಆವಿ ನೀರಾಗುವಾಗ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬೀಳುತ್ತದೆ. ಇದು ತಂಪು ನೀಡುವ ಸಾಧನ ಎಂದು ಭಾವಿಸಿ ಕೊಂಡವರು ನಿರಾಶರಾಗುವುದು ಖಚಿತ. ಎ.ಸಿ. ಇರುವ ಮನೆಗಳಲ್ಲಿ ಅದರ ‘ಡ್ರೈ’ ವಿಧಾನವನ್ನು ಮೊದಲು ಬಳಸಿ ನೋಡಬಹುದು.

ಬಗೆಗಳು ಮತ್ತು ಖರ್ಚು

ಪೆಟ್ಟಿಗೆಯ ಮೇಲೆ ದಿನಕ್ಕೆ ಇಂತಿಷ್ಟು ಲೀಟರ್ ಎಂದು ಬರೆದಿರುವುದು ಬಹಳ ಸಲ 30 ಡಿಗ್ರಿ ಉಷ್ಣಾಂಶ, ಶೇ 80ರ ಆರ್ದ್ರತೆಯಲ್ಲಿ ಅಳೆದದ್ದು. ತಂಪಾದ ಹಾಗೂ ಕಡಿಮೆ ತೇವದ ಗಾಳಿಯಲ್ಲಿ ಅದೇ ಯಂತ್ರ ತೆಗೆಯುವ ನೀರು ಬಹಳ ಕಡಿಮೆ. ಚಳಿಯಲ್ಲಿ ತಣ್ಣನೆಯ ಸುರುಳಿಗೆ ಮಂಜು ಕಟ್ಟುವುದೂ ಉಂಟು. ಅಂತಹ ಕಡೆಗಳಿಗೆ ಸಿಲಿಕಾ ಜೆಲ್ ಅಥವಾ ಜಿಯೊಲೈಟ್ ಲೇಪಿತ ಚಕ್ರವಿರುವ ಯಂತ್ರಗಳಿವೆ. ಚಕ್ರ ತೇವ ಹೀರುತ್ತದೆ, ಹೀಟರ್ ಅದನ್ನು ಒಣಗಿಸುತ್ತದೆ. ಹೀಟರ್ ಇರುವುದರಿಂದ ಇವುಗಳ ವಿದ್ಯುತ್ ಬಳಕೆ ಹೆಚ್ಚು.

ಕಡಿಮೆ ಬೆಲೆಗೆ ಸಿಗುವ ಅಂಗೈಯಗಲದ ಪೆಲ್ಟಿಯರ್ ಯಂತ್ರಗಳು ದಿನಕ್ಕೆ ಕೆಲವು ನೂರು ಮಿಲಿಲೀಟರ್ ನೀರು ತೆಗೆಯುವಂಥವು. ಅವು ಕಪಾಟಿಗೆ ಸಾಕು, ಕೋಣೆಗಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಿಗಳೂ ಮುಚ್ಚಿದ ಬೀರುವಿಗೆ ಮಾತ್ರ ತಕ್ಕವು.

250 ವ್ಯಾಟ್‌ನ ಯಂತ್ರ ದಿನಕ್ಕೆ 8 ಗಂಟೆ ಓಡಿದರೆ 2 ಯೂನಿಟ್, ತಿಂಗಳಿಗೆ 60 ಯೂನಿಟ್ ವ್ಯಯವಾಗುತ್ತದೆ. ರಾಜ್ಯ ಸರ್ಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಈ ಲೆಕ್ಕವನ್ನು ಮರೆಯುವಂತಿಲ್ಲ. ಆ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್‌ಗಳು ನಿಗದಿಯಾಗಿದ್ದು, ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಪಾವತಿಸಬೇಕಾಗುತ್ತದೆ.

ಬಟ್ಟೆಗಳ ರಕ್ಷಣೆ

ಹತ್ತಿ ಬಟ್ಟೆ ಕೈಗೆ ಒಣಗಿದಂತೆ ಕಂಡರೂ ಅದರಲ್ಲಿ ನೀರಿರುತ್ತದೆ. ಆರ್ದ್ರತೆ ಶೇ 65 ಇದ್ದಾಗ ತನ್ನ ತೂಕದ ಸುಮಾರು ಶೇ 7ರಿಂದ 8ರಷ್ಟು ನೀರನ್ನು ಹತ್ತಿ ಹಿಡಿದಿಟ್ಟುಕೊಳ್ಳುತ್ತದೆ. ಆರ್ದ್ರತೆ ಏರಿದಂತೆ ಈ ಪ್ರಮಾಣವೂ ಏರಿ ಬೂಷ್ಟಿಗೆ ಆಸ್ಪದವಾಗುತ್ತದೆ. ಸಂಡೂರಿಗೆ ಇದು ಸಣ್ಣ ಸಂಗತಿಯಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಇಲ್ಲಿನ ಲಂಬಾಣಿ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರವು ಲೋಕಕ್ಕೆ ಪರಿಚಯಿಸಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹತ್ತಿಬಟ್ಟೆಯ ಮೇಲೆ ಕನ್ನಡಿ, ಕವಡೆ, ಲೋಹದ ಬಿಲ್ಲೆಗಳನ್ನು ಕೂರಿಸಿದ ಇಂತಹ ಕಸೂತಿ ಮನೆಯಲ್ಲಿದ್ದರೆ, ತೇವದಲ್ಲಿ ಲೋಹ ಕಿಲುಬು ಹಿಡಿದು ಬಟ್ಟೆಗೆ ಕಲೆ ತಗಲುತ್ತದೆ. ಬೂಷ್ಟಿನ ಕಲೆಯಂತೆ ಅದೂ ಸುಲಭವಾಗಿ ಹೋಗದು. ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಹರವಿ, ಪೂರ್ತಿ ಒಣಗಿದ ಬಳಿಕವೇ ಮಡಚಿಡುವುದು ಸೂಕ್ತ.

ನಿರ್ವಹಣೆ

ಯಂತ್ರ ಓಡುವಾಗ ಆ ಕೋಣೆಯ ಕಿಟಕಿ, ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಊರಿನ ಗಾಳಿಯನ್ನೆಲ್ಲ ಒಣಗಿಸುವ ವ್ಯರ್ಥ ಪ್ರಯತ್ನವಾಗುತ್ತದೆ. ಗೋಡೆಯಿಂದ ಒಂದು ಅಡಿಯಾದರೂ ದೂರ ಇರಿಸಬೇಕು. ಅದಿರು ದೂಳಿನ ಪ್ರದೇಶದಲ್ಲಿ ಜಾಲರಿ ಬೇಗ ಕಟ್ಟಿಕೊಳ್ಳುವುದರಿಂದ ವಾರಕ್ಕೊಮ್ಮೆ ತೊಳೆದು, ಒಣಗಿಸಿ ಹಾಕುವುದು ಒಳಿತು. ಮಲಗಿಸಿ ಸಾಗಿಸಿದ್ದಲ್ಲಿ ಕೆಲವು ಗಂಟೆ ನೇರವಾಗಿ ನಿಲ್ಲಿಸಿದ ನಂತರವೇ ಚಾಲೂ ಮಾಡಬೇಕು. ತೊಟ್ಟಿಯ ನೀರು ನೋಡಲು ತಿಳಿಯಾಗಿದ್ದರೂ ಕುಡಿಯಲು, ಅಡುಗೆಗೆ ಯೋಗ್ಯವಲ್ಲ. ಲೋಹದ ಅಂಶ, ಸೂಕ್ಷ್ಮಜೀವಿಗಳು ಅದರಲ್ಲಿರಬಹುದು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು.

ಇಷ್ಟೆಲ್ಲದರ ಕ್ರಮ ಹೀಗೆ: ಮೊದಲು ಸೋರಿಕೆ ನಿಲ್ಲಿಸುವುದು, ಅಡುಗೆಮನೆ ಮತ್ತು ಬಚ್ಚಲುಮನೆಗಳಿಗೆ ಗಾಳಿ ಹೊರದಬ್ಬುವ ಫ್ಯಾನ್ ಹಾಕಿಸುವುದು, ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಿಂದ ಹೊರಗಿಡುವುದು, ಮಳೆ ನಿಂತು ಬಿಸಿಲು ಕಂಡ ಹೊತ್ತಿನಲ್ಲಿ, ಲಾರಿಗಳ ಓಡಾಟ ಕಡಿಮೆಯಿರುವಾಗ ಕಿಟಕಿ ತೆರೆಯುವುದು. ಇವೆಲ್ಲ ಆದ ಮೇಲೂ ತೇವಮಾಪಕ ಶೇ 70 ದಾಟಿ ನಿಂತಿದ್ದರೆ, ಮನೆಯಲ್ಲಿ ಉಬ್ಬಸದವರಿದ್ದರೆ, ದೂಳಿನ ದೆಸೆಯಿಂದ ಕಿಟಕಿ ತೆರೆಯಲಾಗದಿದ್ದರೆ, ಆಗ ಡಿಹ್ಯುಮಿಡಿಫೈಯರ್‌ಗೆ ವ್ಯಯಿಸಿದ ಹಣ ಸಾರ್ಥಕ. ಸಂಡೂರಿನಂತಹ ಊರಿನಲ್ಲಿ ಅದಕ್ಕೆ ವರ್ಷದಲ್ಲಿ ಕೆಲವೇ ತಿಂಗಳ ಕೆಲಸ. ಬೇಸಿಗೆ ಬಂದೊಡನೆ ತೊಟ್ಟಿಯನ್ನು ಒಣಗಿಸಿ, ಹೊದಿಕೆ ಹಾಕಿ ಎತ್ತಿಡಬಹುದು.